ಕಾಲರ್ ಮೈಕ್ ಬಟ್ಟೆಯೊಳಗೆ ಅಡಗಿಸಿ ಸಿಂಕ್ ಸೌಂಡ್ (ಶೂಟಿಂಗಲ್ಲೇ ಮಾತು ರೆಕಾರ್ಡ್) ಮಾಡಿದವರು ಅನುಭವ ಹೇಳಿ

ಮೊದಲ ಚಿತ್ರದವ: ತೀರ್ಥಹಳ್ಳಿ ಹತ್ತಿರ ಒಂದು ಹಳೇ ತೊಟ್ಟಿಮನೆಯಲ್ಲಿ 9 ದಿನ ಶೂಟಿಂಗ್. ಅಜ್ಜಿ, ಮೊಮ್ಮಗಳು, ಎರಡೇ ಪಾತ್ರ. ಡಬ್ಬಿಂಗ್ ಮಾಡಲ್ಲ. ಬೂಮ್ (ಉದ್ದ ಕೋಲಿನ ತುದಿಯ ಮೈಕ್) ಹಿಡಿಯುವವರನ್ನು ಕರೆಸಲು ದುಡ್ಡಿಲ್ಲ. ಎರಡು ಕಾಲರ್ ಮೈಕ್ ಅಡಗಿಸಿದರೆ ಸಾಕಾ?

ಸರಸರ ಕೇಳಿದವ: ಸಾಕು ಅಂತ ನಾನೂ ನಂಬಿದ್ದೆ. 2021ರಲ್ಲಿ ನನ್ನ ಸಿನಿಮಾಗೆ ಎರಡು ಸೆಟ್ ಬಾಡಿಗೆಗೆ ತಂದೆ, ಒಂದಕ್ಕೆ ದಿನಕ್ಕೆ 1,800. 11 ದಿನಕ್ಕೆ 39,600. ಟೇಪು, ಬ್ಯಾಟರಿ ಅಂತ 6,400. ಮದುವೆ ಸೀನಲ್ಲಿ ಹುಡುಗಿಗೆ ಮೈಸೂರು ರೇಷ್ಮೆ ಉಡಿಸಿದ್ದೆವು. ರಿಹರ್ಸಲ್‌ನಲ್ಲಿ ನಿಂತೇ ಮಾತಾಡಿದಳು, ಹೆಡ್‌ಫೋನಲ್ಲಿ ಚೆನ್ನಾಗಿತ್ತು. ಟೇಕಲ್ಲಿ ಕೂತಳು, ಸೆರಗು ಎಳೆದುಕೊಂಡಳು, ಪ್ರತಿ ಮಾತಿನ ಮೇಲೂ ಸರಸರ. ಮೇಲೆ ತಾಳಿ ಸರ ಮೈಕಿಗೆ ಟಕ್ ಟಕ್ ಅಂತ ಬಡಿಯುತ್ತಿತ್ತು. 14 ಟೇಕ್. ರೆಕಾರ್ಡರ್ 32 ಬಿಟ್ ಫ್ಲೋಟ್, ಅಂದರೆ ದನಿ ಜೋರಾದರೂ ಮೆಲ್ಲಗಾದರೂ ಆಮೇಲೆ ಸರಿ ಮಾಡಬಹುದಾದದ್ದು, ಏನಾದರೂ ಸರಿ ಮಾಡಬಹುದು ಅಂದುಕೊಂಡಿದ್ದೆ. ಬಟ್ಟೆ ಉಜ್ಜಿದ ಸದ್ದಿಗೂ ಅದಕ್ಕೂ ಸಂಬಂಧವೇ ಇಲ್ಲ. ಸರಸರ ತೆಗೆಯುವ ಸಾಫ್ಟ್‌ವೇರ್, ಐಝೋಟೋಪ್‌ನ ಡಿ-ರಸಲ್ ಹಾಕಿ ನೋಡಿದೆ, ಸದ್ದಿನ ಜೊತೆ ಸ, ಶ ಅಕ್ಷರಗಳೂ ಹೋದವು. ಕೊನೆಗೆ ಡಬ್ಬಿಂಗೇ ಗತಿ ಆಯಿತು. 26 ಗಂಟೆ, ಗಂಟೆಗೆ 1,200, ಅಂದರೆ 31,200. ಒಟ್ಟು 77,200. ಇವತ್ತಿಗೂ ಆ ಲೆಕ್ಕ ಮರೆತಿಲ್ಲ.

ಬೂಮ್ 16 ವರ್ಷ: ಬೂಮಿಗೆ ದುಡ್ಡಿಲ್ಲ ಅನ್ನುವ ಮಾತು ಕೇಳಿದರೆ ಹೊಟ್ಟೆ ಉರಿಯುತ್ತೆ. ಲೈಟಿಗೆ ಇರುತ್ತೆ, ಡ್ರೋನಿಗೆ ಇರುತ್ತೆ. ಎದೆ ಮೇಲಿನ ಮೈಕಿಗೆ ಮಾತಿನ ಚುರುಕು ಸಿಗಲ್ಲ, ಅದು ಗಲ್ಲದ ಕೆಳಗೆ ಇರುತ್ತೆ ಅಲ್ವಾ. ಬಟ್ಟೆ ಮುಚ್ಚಿದರೆ ಇನ್ನೂ ಮಂಕು. ತಲೆ ತಿರುಗಿಸಿದರೆ ದನಿ ಬೀಳುತ್ತೆ. ನಾನು ಬೂಮಿಗೆ 416 ಮೈಕ್ ಹಾಕಿ ಹಿಡಿದು ಮಳೆಯಲ್ಲಿ, ಬಿಸಿಲಲ್ಲಿ ನಿಂತು ತಂದ ಮಾತು ಥಿಯೇಟರಲ್ಲಿ ಹಾಗೇ ಬಂದಿದೆ, ಒಂದು ಸಾಲೂ ಡಬ್ ಆಗದೆ. ರೇಷ್ಮೆ ಸೀರೆಗೆ ಕಾಲರ್ ಮೈಕ್ ಹಾಕಿದ್ದು ನಿಮ್ಮದೇ ತಪ್ಪು, ಮೈಕಿನದಲ್ಲ.

ಸರಸರ ಕೇಳಿದವ: ತಪ್ಪು ಯಾರದು ಅಂತ ನಾನು ಕೇಳಲಿಲ್ಲ. ನಾವು ಶೂಟಿಂಗ್ ಮಾಡಿದ ಮನೆಯ ಅಟ್ಟ ತಲೆಗೆ ತಾಗುತ್ತಿತ್ತು. ವೈಡ್ ಶಾಟಲ್ಲಿ ಬೂಮ್ ಎಲ್ಲಿ ಹಿಡಿಯುತ್ತಿದ್ದಿರಿ?

ಬೂಮ್ 16 ವರ್ಷ: ಕಂಬದ ಹಿಂದೆ ಒಂದು ಮೈಕ್ ಇಡುತ್ತಿದ್ದೆ. ವೈಡ್ ಮುಗಿದ ಮೇಲೆ ಅದೇ ಜಾಗದಲ್ಲಿ ಕ್ಯಾಮೆರಾ ಇಲ್ಲದೆ ಅದೇ ಮಾತು ಹೇಳಿಸುತ್ತಿದ್ದೆ. ಅದಕ್ಕೆ 10 ನಿಮಿಷ ಸಾಕು. ನಿಮ್ಮ 26 ಗಂಟೆ ಬೇಡ.

ಹಾಸನದವಳು: ಇಬ್ಬರೂ ಸ್ವಲ್ಪ ನಿಲ್ಲಿಸಿ. ನಾನು ನಾಲ್ಕು ಸಿನಿಮಾದಲ್ಲಿ ಹೆಂಗಸರಿಗೆ ಮೈಕ್ ಕಟ್ಟಿದ್ದೇನೆ. ಮೆಡಿಕಲ್ ಶಾಪಿನ ಟೇಪನ್ನು ಅಂಟು ಹೊರಗೆ ಬರುವ ಹಾಗೆ ತ್ರಿಕೋನ ಮಡಚಿ, ಅಂಥ ಎರಡರ ನಡುವೆ ಮೈಕ್ ಇಡುತ್ತೇನೆ. ಒಂದು ಕಡೆ ಮೈಗೆ, ಇನ್ನೊಂದು ಕಡೆ ರವಿಕೆಗೆ ಅಂಟುತ್ತದೆ. ಎರಡೂ ಒಟ್ಟಿಗೇ ಅಲುಗಿದರೆ ಉಜ್ಜಾಟ ಇಲ್ಲ. ವೈರಿಗೆ ಕೆಳಗೆ ಒಂದು ಸಣ್ಣ ಸುತ್ತು ಬಿಡಬೇಕು, ಇಲ್ಲದಿದ್ದರೆ ಎಳೆತ ಕೇಳಿಸುತ್ತದೆ. ಹೊಸ ಹತ್ತಿ ಸೀರೆ ಎರಡು ಸಲ ಒಗೆಸುತ್ತೇನೆ, ಗಂಜಿ ಹೋಗಲಿ ಅಂತ. ಇಷ್ಟಕ್ಕೆಲ್ಲ ಒಬ್ಬರಿಗೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ನನಗೆ ಯಾವ ಡೈರೆಕ್ಟರೂ ಸಂತೋಷದಿಂದ ಕೊಟ್ಟಿಲ್ಲ. ಒಂದು ಸೆಟ್ಟಲ್ಲಿ ನಾನು ಬರುವ ಮೊದಲೇ ಒಬ್ಬ ಹುಡುಗ, ಕೇಳದೆ, ನಟಿಯ ರವಿಕೆಗೆ ಕೈ ಹಾಕಿದ್ದ. ಆಕೆ ಆ ದಿನ ಪೂರ್ತಿ ಅಳು ತಡೆದುಕೊಂಡು ನಟಿಸಿದಳು. ಸೌಂಡ್ ಮಾತ್ರ ಚೆನ್ನಾಗಿತ್ತು.

ಮಲೆನಾಡ ಕಡೆಯವ: ಯಾರೂ ಹೇಳಲಿಲ್ಲ: 2.4 ಗಿಗಾಹರ್ಟ್ಸ್‌ನ ಅಗ್ಗದ ವೈರ್‌ಲೆಸ್ ಮೈಕ್ ಸೆಟ್ ತರಬೇಡಿ. ಮೈಯಲ್ಲಿರುವುದೆಲ್ಲ ನೀರು, ಅದು ಆ ಸಿಗ್ನಲನ್ನು ಹೀರುತ್ತೆ, ನಟ ಬೆನ್ನು ತಿರುಗಿಸಿದರೆ ಸಿಗ್ನಲ್ ಕಟ್. ನನಗೆ ಒಂದು ಅಳುವ ಸೀನ್ ಪೂರ್ತಿ ಹೋಯಿತು, ಮತ್ತೆ ಅಷ್ಟು ಚೆನ್ನಾಗಿ ಆಕೆಗೆ ಅಳಲು ಆಗಲಿಲ್ಲ. ಬೆವರು ತಾಗದಿರಲು ಟ್ರಾನ್ಸ್‌ಮಿಟರನ್ನು (ಮೈಕಿನ ಸಿಗ್ನಲ್ ಕಳಿಸುವ, ಮೈಗೆ ಕಟ್ಟುವ ಡಬ್ಬಿ) ಜಿಡ್ಡಿಲ್ಲದ ಕಾಂಡೋಮಿನಲ್ಲಿ ಸುತ್ತಿ, ಎಲ್ಲ ಕಡೆ ಹಾಗೇ ಮಾಡುತ್ತಾರೆ, ನಾಚಿಕೆ ಪಡಬೇಡಿ.

ದನಿ ಕೊಡುವವಳು: ಡಬ್ಬಿಂಗ್ ಅಂದರೆ ಶಿಕ್ಷೆ ಅನ್ನುವ ಹಾಗೆ ಬರೆಯುತ್ತಿದ್ದೀರಿ. ಕನ್ನಡ ಬಾರದ ನಾಯಕಿಯರಿಗೆ ನಾನು ದನಿ ಕೊಟ್ಟಿದ್ದೇನೆ. ಆ ಕತ್ತಲ ರೂಮಲ್ಲಿ ಅತ್ತಿದ್ದು ಸುಳ್ಳಾ?

ಸರಸರ ಕೇಳಿದವ: ಅಕ್ಕ, ನಿಮ್ಮ ಕೆಲಸ ಕೀಳು ಅನ್ನಲಿಲ್ಲ. ನನ್ನ ಹುಡುಗಿಗೆ ಕನ್ನಡ ಬರುತ್ತಿತ್ತು. ಅವಳದೇ ಉಸಿರು ಬೇಕಿತ್ತು, ಅಷ್ಟೇ.

ದನಿ ಕೊಡುವವಳು: ಹಾಗಾದರೆ 77,200ರಲ್ಲಿ ನಮ್ಮ 31,200 ಮಾತ್ರ ಯಾಕೆ ನೋಯುತ್ತದೆ? ಕೆಟ್ಟದ್ದು ಅದಕ್ಕಿಂತ ಮೊದಲಿನ 46,000.

ಬೂಮ್ 16 ವರ್ಷ: ಅದು ನಿಜ. ಅಂದ ಹಾಗೆ ತೀರ್ಥಹಳ್ಳಿ ಶೂಟಿಂಗ್ ಯಾವ ತಿಂಗಳು ಅಂತ ಯಾರೂ ಕೇಳಲೇ ಇಲ್ಲ. ಜುಲೈ ಆದರೆ ಹಂಚಿನ ಮೇಲೆ ಮಳೆ ಬೀಳುತ್ತೆ, ಆಗ ಬೂಮಿಗಿಂತ ಮೈ ಮೇಲಿನ ಮೈಕೇ ವಾಸಿ. ಇದನ್ನು ನಾನೇ ಹೇಳುತ್ತಿದ್ದೇನೆ.

ಮೊದಲ ಚಿತ್ರದವ: ಜುಲೈ 8ರಿಂದ.