18 ದಿನದ ಮಗುಗೆ ಮೂಗು ಕಟ್ಟಿದೆ, ಹಾಲು ಕುಡಿಯೋಕೆ ಒದ್ದಾಡ್ತಿದೆ, ಮೂಗಿಗೆ ಎಣ್ಣೆ ಬಿಡಬಹುದಾ?

ಪುಟ್ಟಿಅಮ್ಮ:
ಎಲ್ಲರಿಗೂ ನಮಸ್ಕಾರ, ಬಾಣಂತನಕ್ಕೆ ತವರಿಗೆ ಬಂದಿದೀನಿ, ಸಕಲೇಶಪುರದ ಹತ್ರ ಹಳ್ಳಿ, ಮಗು ಹುಟ್ಟಿ ಇವತ್ತಿಗೆ 18 ದಿನ. ಮೂರು ದಿನದಿಂದ ಮೂಗು ಕಟ್ಕೊಂಡು ಗೊರ ಗೊರ ಅಂತ ಸದ್ದು, ಹಗಲು ಪರವಾಗಿಲ್ಲ, ರಾತ್ರಿ 2 ಗಂಟೆ ಆಯ್ತು ಅಂದ್ರೆ ಜಾಸ್ತಿ. ಹಾಲಿಗೆ ಹಾಕ್ಕೊಂಡ್ರೆ ನಾಲ್ಕು ಗುಟುಕು ಎಳೀತಾಳೆ, ಬಿಟ್ಟು ಬಾಯಿ ತೆಗೆದು ಅಳ್ತಾಳೆ, ಮತ್ತೆ ಹಿಡೀತಾಳೆ ಮತ್ತೆ ಬಿಡ್ತಾಳೆ, ಅವಳ ಜೊತೆ ನಂಗೂ ಅಳು ಬರುತ್ತೆ. ಜ್ವರ ಇಲ್ಲ, ಕೆಮ್ಮು ಇಲ್ಲ, ಉಚ್ಚೆ ಚೆನ್ನಾಗೇ ಹೋಗ್ತಿದಾಳೆ. ಅಮ್ಮ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಮೂಗಿಗೆ ಎರಡು ಹನಿ ಬಿಡೋಣ ಅಂತಾರೆ, ಅಜ್ಜಿ ಸಾಂಬ್ರಾಣಿ ಹೊಗೆ ಇನ್ನೂ ಸ್ವಲ್ಪ ಹಾಕು ಅಂತಾರೆ, ಯಜಮಾನ್ರು ಬೆಂಗಳೂರಿಂದ ಫೋನ್ ಮಾಡಿ ವಿಕ್ಸ್ ಹಚ್ಚು ಅಂತಾರೆ. ಎಲ್ಲರೂ ಪ್ರೀತಿಯಿಂದಲೇ ಹೇಳೋದು, ಆದ್ರೆ ನಂಗೆ ಯಾವುದಕ್ಕೂ ಕೈ ಬರ್ತಿಲ್ಲ. ನಾಳೆ ಬೆಳಿಗ್ಗೆ ಡಾಕ್ಟರಿಗೆ ತೋರಿಸ್ತೀವಿ, ಇವತ್ತು ರಾತ್ರಿ ಕಳೆಯೋಕೆ ಏನು ಮಾಡಬಹುದು ಹೇಳಿ ಪ್ಲೀಸ್.

ಸಿಸ್ಟರ್‌ಅಕ್ಕ:
ಪುಟ್ಟಿಅಮ್ಮ, ಮೂರೂ ಬೇಡ ಮಗಾ. ಎಣ್ಣೆ, ಹೊಗೆ, ವಿಕ್ಸ್ ಮೂರೂ ಇವತ್ತೇ ನಿಲ್ಸಿ. ನಾನು ನವಜಾತ ಶಿಶು ವಾರ್ಡಲ್ಲಿ ನರ್ಸ್, 14 ವರ್ಷ ಆಯ್ತು.

ಮೊದಲು ಇದನ್ನ ಮಾಡಿ. ಮಗು ಸಮಾಧಾನವಾಗಿ ಮಲಗಿರುವಾಗ ಅಂಗಿ ಮೇಲೆತ್ತಿ ಹೊಟ್ಟೆ ನೋಡಿ, ಎದ್ದು ಇಳಿದ್ರೆ ಒಂದು ಉಸಿರು, ಗಡಿಯಾರ ನೋಡ್ಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಡಬಲ್ ಮಾಡಬೇಡಿ, ಎಳೆಮಕ್ಕಳ ಉಸಿರು ಒಂದೇ ಸಮ ಇರಲ್ಲ, ಸ್ವಲ್ಪ ಹೊತ್ತು ಜೋರು ಸ್ವಲ್ಪ ಹೊತ್ತು ನಿಧಾನ. 60 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಇನ್ನೊಂದು ಸಲ ಎಣಿಸಿ, ಆಗಲೂ ಅಷ್ಟೇ ಬಂದ್ರೆ ಬೆಳಿಗ್ಗೆವರೆಗೆ ಕಾಯಬೇಡಿ, ಈಗಲೇ ಹೊರಡಿ. ಉಸಿರು ಎಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳ್ತಿದ್ರೆ, ಮೂಗಿನ ಹೊಳ್ಳೆ ಅರಳ್ತಿದ್ರೆ, ಒಂದೊಂದು ಉಸಿರಿಗೂ ನರಳಿದ ಹಾಗೆ ಸದ್ದು ಬಂದ್ರೆ, ಹಾಲೇ ಹಿಡೀದೆ ಮಂಕಾಗಿ ಮಲಗಿದ್ರೆ, ಕಂಕುಳಲ್ಲಿ ಥರ್ಮಾಮೀಟರ್ 99.5 ಮುಟ್ಟಿದ್ರೆ ಅಥವಾ ಮೈ ತಣ್ಣಗಾಗಿದ್ರೆ ಕೂಡ ಹಾಗೇ. ತುಟಿ ನೀಲಿ ಆದ್ರೆ, ಉಸಿರು ನಿಂತು ನಿಂತು ಬಂದ್ರೆ ಆ ಕ್ಷಣವೇ 108 ಕರೀರಿ.

ಇದ್ಯಾವುದೂ ಇಲ್ಲ ಅಂದ್ರೆ ಬರೀ ಮೂಗು ಕಟ್ಟಿರೋದು. ಈ ವಯಸ್ಸಲ್ಲಿ ಮಕ್ಕಳು ಹೆಚ್ಚಾಗಿ ಮೂಗಿನಲ್ಲೇ ಉಸಿರಾಡೋದು, ಮೂಗಿನ ದಾರಿ ಎಷ್ಟು ಸಣ್ಣ ಅಂದ್ರೆ ಒಂದು ಚೂರು ಸಿಂಬಳ ಒಣಗಿದ್ರೂ ಗೊರ ಗೊರ ಅನ್ನುತ್ತೆ, ಹಾಲು ಕುಡಿಯುವಾಗ ಬಾಯಿ ಬೇರೆ ತುಂಬಿರುತ್ತಲ್ಲ ಅದಕ್ಕೇ ಬಿಟ್ಟು ಬಿಟ್ಟು ಅಳೋದು. ಮೆಡಿಕಲ್ ಶಾಪಲ್ಲಿ ಸಲೈನ್ ಮೂಗಿನ ಹನಿ ಅಂತ ಕೇಳಿ, ಬಾಟಲಿ ಮೇಲೆ ಸೋಡಿಯಂ ಕ್ಲೋರೈಡ್ 0.65% ಅಥವಾ 0.9% ಅಂತ ಮಾತ್ರ ಇರಬೇಕು. ಆಕ್ಸಿಮೆಟಜೋಲಿನ್, ಜೈಲೊಮೆಟಜೋಲಿನ್ ಅಂತ ಇದ್ರೆ ವಾಪಸ್ ಕೊಡಿ, ಅದು ಮೂಗು ಬಿಡಿಸೋ ಔಷಧಿ, ಬಾಟಲಿ ನೋಡೋಕೆ ಒಂದೇ ಥರ ಇರುತ್ತೆ, ಇಷ್ಟು ಚಿಕ್ಕ ಮಗುಗೆ ಅಪಾಯ. ಮನೇಲಿ ಉಪ್ಪು ನೀರು ಕಲೆಸಿ ಹಾಕಬೇಡಿ, ಹದ ತಪ್ಪುತ್ತೆ, ಶುದ್ಧನೂ ಇರಲ್ಲ.

ಕೈ ಸೋಪಲ್ಲಿ ತೊಳ್ಕೊಂಡು, ಬಾಟಲಿನ ಎರಡು ನಿಮಿಷ ಅಂಗೈಯಲ್ಲಿ ಮುಚ್ಚಿ ಹಿಡ್ಕೊಳ್ಳಿ, ತಣ್ಣನೆ ಹನಿ ಬಿದ್ರೆ ಬೆಚ್ಚಿ ಬೀಳುತ್ತೆ. ಹಾಲು ಕೊಡೋಕೆ 15 ನಿಮಿಷ ಮುಂಚೆ, ಅಂಗಾತ ಮಲಗಿಸಿ ಒಂದೊಂದು ಹೊಳ್ಳೆಗೆ ಒಂದು ಹನಿ, ಸಾಲದಿದ್ರೆ ಎರಡು. ಬಾಟಲಿ ಮೂತಿ ಮೂಗಿಗೆ ತಾಗಬಾರದು. ಒಂದು ನಿಮಿಷ ಬಿಟ್ಟು ಹೆಗಲ ಮೇಲೆ ನೆಟ್ಟಗೆ ಎತ್ಕೊಳ್ಳಿ, ಸೀನು ಬರುತ್ತೆ, ಸೀನಿದಾಗ ತಾನೇ ಹೊರಗೆ ಬರುತ್ತೆ, ಹಳೇ ಹತ್ತಿ ಬಟ್ಟೆಯಲ್ಲಿ ಹೊರಗೆ ಮಾತ್ರ ಒರೆಸಿ. ಬಟ್ಟೆ ಬತ್ತಿ ಮಾಡಿ ಒಳಗೆ ಹಾಕೋದು, ಇಯರ್ ಬಡ್, ಬಾಯಿಂದ ಊದೋದು ಬೇಡ. ಸಿಂಬಳ ಎಳೆಯೋ ರಬ್ಬರ್ ಬಲ್ಬ್ ಇದ್ರೆ ಮೊದಲು ಹೊರಗಡೆನೇ ಅಮುಕಿ ಆಮೇಲೆ ಹೊಳ್ಳೆ ಬಾಯಲ್ಲಿ ಮಾತ್ರ ಇಟ್ಟು ಮೆಲ್ಲಗೆ ಬಿಡಿ, ದಿನಕ್ಕೆ ಎರಡು ಮೂರು ಸಲಕ್ಕಿಂತ ಜಾಸ್ತಿ ಎಳೆದ್ರೆ ಒಳಗೆ ಊದ್ಕೊಂಡು ಇನ್ನೂ ಕಟ್ಟುತ್ತೆ.

ಧಾರವಾಡದಾಕಿ:
ಅಕ್ಕಾರು ಎಲ್ಲಾ ಬರದಾರ, ನಾ ಎಣ್ಣಿ ಬಗ್ಗೆ ಅಷ್ಟ ಹೇಳ್ತೀನ್ರಿ. ನನ್ನ ಎರಡನೇ ಕೂಸಿಗೆ ಎರಿಯೂವಾಗ ದಿನಾ ಮೂಗಿಗೆ ಎಣ್ಣಿ ಬಿಡ್ತಿದ್ರು, ನಾನೂ ಬ್ಯಾಡ ಅನ್ನಲಿಲ್ಲ, ನಮ್ಮ ಕಡೆ ಎಲ್ಲಾರೂ ಬಿಡ್ತಾರ. ತಿಂಗಳಾಗೂದ್ರಾಗ ಉಸಿರು ಜೋರಾತು, ಎಕ್ಸ್‌ರೇ ತಗದ್ರು, ಎಣ್ಣಿ ಪುಪ್ಪುಸದಾಗ ಇಳದು ನ್ಯುಮೋನಿಯಾ ಆಗೇತಿ ಅಂದ್ರು, 9 ದಿನ ದವಾಖಾನ್ಯಾಗ ಆಕ್ಸಿಜನ್ ಮ್ಯಾಲ ಇತ್ತು ನನ್ನ ಕೂಸು. ನೀರು ಶ್ವಾಸನಾಳಕ್ಕ ಹೋದ್ರ ಕೂಸು ಕೆಮ್ಮತದ, ಎಣ್ಣಿ ಮೆತ್ತಗ ಜಾರಿ ಹೋಗತದ, ಕೆಮ್ಮೂ ಬರೂದಿಲ್ಲ, ಗೊತ್ತೂ ಆಗೂದಿಲ್ಲ ಅಂತ ಡಾಕ್ಟರ್ ತಿಳಿಸಿ ಹೇಳಿದ್ರು. ಈಗ 6 ವರ್ಷದಾಂವ ಅದಾನ, ಆರಾಮ ಅದಾನ. ನಿಮ್ಮ ಅವ್ವಾರಿಗೆ ಸಿಟ್ಟಿಲೆ ಹೇಳಬ್ಯಾಡ್ರಿ, ಎಣ್ಣಿ ಕೈ ಕಾಲಿಗೆ ತಿಕ್ಕ್ರಿ, ಮೂಗಿಗೆ ಕಿವಿಗೆ ಬ್ಯಾಡ ಅನ್ರಿ. ಅವರಿಗೂ ಕೂಸಿಗೆ ಏನರ ಮಾಡಬೇಕು ಅನಸ್ತಿರತದ.

ತೀರ್ಥಳ್ಳಿ ಹುಡುಗಿ:
ಹೊಗೆ ವಿಷಯಕ್ಕೆ ಬರ್ತೀನಿ. ನಮ್ಮನೇಲಿ ಬಾಣಂತಿ ಕೋಣೆ ಬಚ್ಚಲ ಪಕ್ಕದಲ್ಲೇ, ಹಂಡೆ ಒಲೆಗೆ ಸೌದೆ ಹಾಕಿದ್ರೆ ಹೊಗೆ ಎಲ್ಲಾ ಬಾಗಿಲ ಸಂದಿಯಿಂದ ಒಳಗೆ, ಮೇಲೆ ಸಾಂಬ್ರಾಣಿ ಬೇರೆ, ಸಂಜೆಗೆ ಸೊಳ್ಳೆ ಬತ್ತಿ. ಮಗು ಮೂಗು ಒಂದು ವಾರ ಬಿಡಲೇ ಇಲ್ಲ. ಆಮೇಲೆ ಮುಂದಿನ ಕೋಣೆಗೆ ಬಂದು ಸೊಳ್ಳೆ ಪರದೆ ಕಟ್ಟಿ ಹೊಗೆ ಪೂರ್ತಿ ನಿಲ್ಲಿಸಿದ್ವಿ, ಎರಡು ದಿನದಲ್ಲಿ ಸುಮಾರು ಕಮ್ಮಿ ಆಯ್ತು. ಅಜ್ಜಿಗೆ ತಲೆ ಒಣಗಬೇಕು ಅಂತ ಇರುತ್ತೆ, ಒಣ ಟವಲಲ್ಲಿ ಚೆನ್ನಾಗಿ ಒರೆಸಿ ಟೊಪ್ಪಿ ಹಾಕಿದ್ರೆ ಸಾಕು ಮಾರಾಯ್ತಿ. ವಿಕ್ಸ್ ಡಬ್ಬಿ ಮೇಲೇ 2 ವರ್ಷದ ಒಳಗಿನ ಮಕ್ಕಳಿಗೆ ಬೇಡ ಅಂತ ಇದೆ, ಅದರಲ್ಲಿ ಕರ್ಪೂರ ಇರುತ್ತಲ್ಲ, ಕರ್ಪೂರ ಮೈಗೆ ಸೇರಿದ್ರೆ ಎಳೆಮಕ್ಕಳಿಗೆ ಫಿಟ್ಸ್ ಬರಬಹುದು, ಹಾಗಾಗಿ ಎಣ್ಣೇಲಿ ಕರ್ಪೂರ ಕಾಯಿಸಿ ಎದೆಗೆ ಹಚ್ಚೋದೂ ಬೇಡ. ಬಿಸಿನೀರಿನ ಹಬೆ ಹಿಡಿಯೋದೂ ಬೇಡ, ಸುಟ್ಟುಬಿಡುತ್ತೆ. ಮತ್ತೆ ತಲೆ ಎತ್ತರ ಇರಲಿ ಅಂತ ದಿಂಬು ಇಡಬೇಡಿ, ಕತ್ತು ಬಾಗಿ ಉಸಿರಿನ ದಾರಿ ಮುಚ್ಚುತ್ತೆ, ಅಂಗಾತ ಸಮತಟ್ಟಾಗಿ ಮಲಗಿಸಿ.

ಇಬ್ಬರ ಅಪ್ಪ:
ಒಂದು ಮಾತು ಸೇರಿಸ್ತೀನಿ, ಮನೇಲಿ ದೊಡ್ಡ ಮಗುವಿನ ಶೀತದ ಸಿರಪ್ ಉಳಿದಿದ್ರೆ ಅದನ್ನ ಅರ್ಧ ಚಮಚ ಕೊಡೋಣ ಅಂತ ಯಾರಾದ್ರೂ ಹೇಳ್ತಾರೆ, ಕೊಡಬೇಡಿ. ಕ್ಲೋರ್‌ಫೆನಿರಮೈನ್ ಜೊತೆ ಫಿನೈಲೆಫ್ರಿನ್ ಇರೋ ಸಿರಪ್‌ಗಳ ಮೇಲೆ 4 ವರ್ಷದ ಒಳಗಿನವರಿಗೆ ಕೊಡಬಾರದು ಅಂತ ಬರೀಬೇಕು ಅಂತ ಕೇಂದ್ರದ ಔಷಧ ನಿಯಂತ್ರಕರೇ 2023ರ ಡಿಸೆಂಬರಲ್ಲಿ ಹೇಳಿದಾರೆ.

ಪುಟ್ಟಿಅಮ್ಮ:
ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಈಗ ಬೆಳಿಗ್ಗೆ 11 ಗಂಟೆ, ಡಾಕ್ಟರ್ ಹತ್ರ ಹೋಗಿ ಬಂದ್ವಿ. ರಾತ್ರಿ ಎರಡು ಸಲ ಉಸಿರು ಎಣಿಸಿದೆ, 46 ಮತ್ತೆ 48, ಅಜ್ಜಿ ಗೋಡೆ ಗಡಿಯಾರದ ಕೆಳಗೆ ನಿಂತು ಟೈಮ್ ಆಯ್ತು ಅಂತ ಹೇಳಿದ್ರು. ತಮ್ಮ ಬೈಕಲ್ಲಿ ಹೋಗಿ ಸಕಲೇಶಪುರದಿಂದ ಹನಿ ತಂದ, 0.65% ಅಂತ ನೋಡೇ ತಗೊಂಡ. ಒಂದೊಂದು ಹನಿ ಬಿಟ್ಟು ಹೆಗಲಿಗೆ ಹಾಕ್ಕೊಂಡೆ, ಮೂರು ಸಲ ಸೀನಿದ್ಲು, ಎಡಗಡೆ ಹೊಳ್ಳೆಯಿಂದ ಅಕ್ಕಿ ನುಚ್ಚಿನಷ್ಟು ಒಣಗಿದ ಹಳದಿ ಚೂರು ಬಂತು, ಅಷ್ಟೇ ಅಷ್ಟು, ಇಷ್ಟಕ್ಕೆ ಮೂರು ರಾತ್ರಿ ನಿದ್ದೆ ಇಲ್ಲದೆ ಒದ್ದಾಡಿದ್ವಾ ಅನ್ನಿಸ್ತು. ಆಮೇಲೆ ಬಿಡದೇ ಹಾಲು ಕುಡಿದು ಹಾಗೇ ನಿದ್ದೆ ಹೋದ್ಲು. ಡಾಕ್ಟರೂ ಎದೆ ಕ್ಲಿಯರ್ ಇದೆ, ತೂಕನೂ ಏರಿದೆ, ಹನಿ ಬಿಟ್ಟು ಬೇರೆ ಏನೂ ಬೇಡ ಅಂದ್ರು. ಸಾಂಬ್ರಾಣಿ ಕೆಂಡ ಇವತ್ತು ಅಮ್ಮನೇ ಹೊರಗೆ ಇಟ್ರು. ಸಿಸ್ಟರ್ ಅಕ್ಕ, ಹನಿ ಎಷ್ಟು ದಿನ ಹಾಕಲಿ?

ಸಿಸ್ಟರ್‌ಅಕ್ಕ:
ಓದಿ ಸಮಾಧಾನ ಆಯ್ತು ಕಣಮ್ಮ. ಹಾಲು ಕುಡಿಯೋಕೆ ತೊಂದರೆ ಇದ್ದಾಗ ಮಾತ್ರ ಹಾಕಿ, ಸದ್ದು ಬರ್ತಿದೆ ಆದ್ರೆ ಚೆನ್ನಾಗಿ ಕುಡೀತಾಳೆ ಅಂದ್ರೆ ಬೇಡ, ಬಾಟಲಿ ಬೇರೆ ಮಗುಗೆ ಬಳಸಬೇಡಿ. 21ನೇ ದಿನಕ್ಕೆ ಆಶಾ ಕಾರ್ಯಕರ್ತೆ ಮನೆಗೆ ಬರ್ತಾರಲ್ಲ, ಅವತ್ತು ಅಮ್ಮನ್ನ ಅಜ್ಜಿನ ಪಕ್ಕ ಕೂರಿಸ್ಕೊಂಡು ಉಸಿರು ಎಣಿಸೋದನ್ನ ಅವರ ಹತ್ರ ಇನ್ನೊಂದು ಸಲ ತೋರಿಸ್ಕೊಳ್ಳಿ.