ರೀಮ್ಯಾಪ್ ಆದ ಮೇಲೆ ನಾಲ್ಕನೇ ಗೇರ್‌ನಲ್ಲಿ ಜರ್ಕ್, ಇಂಜಿನ್ನೇ ಬದಲಿಸಲಾ?

ಗುಮ್ಮಟ_ಟರ್ಬೊ, ವಿಜಯಪುರ
ತಲೆ ಕೆಟ್ಟು ಹೋಗಿದೆ. ನನ್ನ ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ ಟರ್ಬೊ ಪೆಟ್ರೋಲ್ ಕಾರಿಗೆ ಸ್ಟೇಜ್ 1 ರೀಮ್ಯಾಪ್ (ಇಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸುವುದು) ಮಾಡಿಸಿದೆ. ಸೊಲ್ಲಾಪುರ ರೋಡಲ್ಲಿ ನಾಲ್ಕನೇ ಗೇರ್‌ಗೆ ಹಾಕಿ ಪೂರ್ತಿ ಒತ್ತಿದರೆ, 4,000 ಆರ್‌ಪಿಎಂ ದಾಟಿದ ಕೂಡಲೇ ಜರ್ಕ್ ಹೊಡೆಯುತ್ತದೆ. ಮ್ಯಾಪ್ ಮಾಡಿದವರು ಫೋನೇ ಎತ್ತುವುದಿಲ್ಲ. ಈ ಇಂಜಿನ್ ಸಾಕಾಯ್ತು. ಟೊಯೊಟಾ ಸೂಪ್ರಾದ 2ಜೆಝಡ್ ಇಂಜಿನ್ ಹಾಕಿಸಲಾ, ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ನ ಆರ್‌ಬಿ26 ಹಾಕಿಸಲಾ? 400 ಪಿಎಸ್ ಆದರೂ ಬೇಕು.

ಘಟಪ್ರಭಾ_ಬೂಸ್ಟ್, ಗೋಕಾಕ
ಪೆಟ್ರೋಲ್ ಸಮಸ್ಯೆ ಇದು. ನಿಮ್ಮದು ಬಿಸಿಲೂರು ಬೇರೆ. ನಾಕ್ ಆಗಿ (ಪೆಟ್ರೋಲ್ ತಾನಾಗಿಯೇ ಹೊತ್ತಿಕೊಂಡು) ಇಸಿಯು, ಅಂದರೆ ಇಂಜಿನ್ ಕಂಪ್ಯೂಟರ್, ಕಿಡಿಯ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. ಸುಲಭಕ್ಕೆ ನಾಕ್ ಆಗದ 95 ಆಕ್ಟೇನ್ ಪೆಟ್ರೋಲ್ ಹಾಕಿ.

ಗುಮ್ಮಟ_ಟರ್ಬೊ
95 ಹಾಕುತ್ತಿದ್ದೇನೆ ಸರ್. ಮ್ಯಾಪ್ ಮಾಡಿಸಿದ ಮೇಲೆ ಯಾರಾದರೂ ಸಾದಾ ಹಾಕುತ್ತಾರಾ?

ಘಟಪ್ರಭಾ_ಬೂಸ್ಟ್
ಹಾಗಾದರೆ ಬಂಕ್ ಬದಲಿಸಿ. 100 ಸಿಕ್ಕರೆ ಇನ್ನೂ ಒಳ್ಳೆಯದು.

ನವನಗರ_ಆರ್‌ಬಿ, ಬಾಗಲಕೋಟೆ
ಆರ್‌ಬಿ26 ಅಂದ್ರಾ? ಎರಡನೇ ಮಾತೇ ಬೇಡ. ಆರು ಸಿಲಿಂಡರ್‌ಗೆ ಆರು ಥ್ರಾಟಲ್. ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 73.7 ಮಿ.ಮೀ. ಅಷ್ಟೇ, ಅದಕ್ಕೇ ಮೇಲಿನ ಆರ್‌ಪಿಎಂನಲ್ಲಿ ಹಾಡುತ್ತದೆ.

ಕ್ಯಾಂಪ್_ಸೂಪ್ರಾ, ಬೆಳಗಾವಿ
2.6 ಲೀಟರ್‌ಗೆ ದೊಡ್ಡ ಟರ್ಬೊ ಕಟ್ಟಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಬರುವವರೆಗೆ ಚಹಾ ಕುಡಿಯುತ್ತಾ ಕೂರಿ. 2ಜೆಝಡ್ 3 ಲೀಟರ್, ಬೋರ್ (ಸಿಲಿಂಡರ್ ವ್ಯಾಸ) 86, ಸ್ಟ್ರೋಕ್ 86. ಎರಡೂ ಬೀಡಿನ ಬ್ಲಾಕ್, ಒಪ್ಪೋಣ. ಆದರೆ ಹಳೇ ಆರ್32 ಜಿಟಿ-ಆರ್‌ನ ಆರ್‌ಬಿ26 ಕ್ರ್ಯಾಂಕ್‌ನಲ್ಲಿ ಆಯಿಲ್ ಪಂಪ್ ತಿರುಗಿಸುವ ಕಾಲರ್ ಸಣ್ಣದು. ಜಾಸ್ತಿ ತಿರುಗಿಸಿದರೆ ಪಂಪ್ ಗೇರೇ ಒಡೆಯುತ್ತದೆ.

ಉದ್ಯಮಬಾಗ್_ಲೇತ್, ಬೆಳಗಾವಿ
ಇಬ್ಬರೂ ಸ್ವಲ್ಪ ತಡೀರಿ. ಅವೆರಡೂ ಉದ್ದಕ್ಕೆ ಕೂರುವ ಆರು ಸಿಲಿಂಡರ್ ಇಂಜಿನ್‌ಗಳು. ಆಕ್ಟೇವಿಯಾದಲ್ಲಿ ಇಂಜಿನ್ ಅಡ್ಡ ಕೂತಿದೆ. ಬಾನೆಟ್ ಮುಚ್ಚುವ ಮಾತು ಹಾಗಿರಲಿ, ಆರ್‌ಟಿಒದವರಿಗೆ ಏನು ಹೇಳುತ್ತೀರಿ?

ನಿಮ್ಮ 1.8 ಕೂಡ ಬೀಡಿನ ಬ್ಲಾಕೇ. ಇದರ 2.0 ಅಣ್ಣನದೂ ಬೋರ್ 82.5, ಸ್ಟ್ರೋಕ್ ಮಾತ್ರ 84.2 ಬದಲು 92.8. ಇಂಜಿನ್‌ಗಿಂತ ಮೊದಲು ಸೋಲುವುದು ಡ್ರೈ ಕ್ಲಚ್ ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್). ಅದರ ಟಾರ್ಕ್ ಮಿತಿ 250 ಎನ್‌ಎಂ, ಕಾರು ಫ್ಯಾಕ್ಟರಿಯಿಂದ ಬರುವಾಗಲೇ ಅಷ್ಟಿದೆ. ಆಕ್ಟೇವಿಯಾದ್ದೇ ಜೋರು ಮಾಡೆಲ್ ವಿಆರ್‌ಎಸ್ 230ರಲ್ಲಿ ಎಣ್ಣೆಯಲ್ಲಿ ಮುಳುಗಿರುವ ವೆಟ್ ಕ್ಲಚ್, ಅಲ್ಲಿ ಟಾರ್ಕ್ 350. ಪವರ್ ಹುಚ್ಚಿದ್ದರೆ ಅದನ್ನು ಹುಡುಕಿ.

ಈಗ ಜರ್ಕ್ ವಿಷಯ. ಇಂಜಿನ್ ಲೈಟ್ ಮಿಣುಕುತ್ತಾ? ಬೆಳಗ್ಗೆ ಜಾಸ್ತಿನಾ, ಮಧ್ಯಾಹ್ನನಾ? ಸ್ಪಾರ್ಕ್ ಪ್ಲಗ್ ಯಾವಾಗಿನವು? ಬೂಸ್ಟ್ ಲಾಗ್ ಇದೆಯಾ?

ಗುಮ್ಮಟ_ಟರ್ಬೊ
ಲೈಟ್ ಮಿಣುಕುತ್ತದೆ, ಮ್ಯಾಪ್ ಆದ ಮೇಲೆ ಮಾಮೂಲಿ ಅಲ್ವಾ? ಬೆಳಗ್ಗೆ ತಂಪಲ್ಲಿ ಜಾಸ್ತಿ. ಪ್ಲಗ್ ಕಾರಿನ ಜೊತೆ ಬಂದವೇ. ಬೂಸ್ಟ್ ಇಸಿಯು ಕೇಳಿದಷ್ಟು ಬರುತ್ತಿದೆ. ಸ್ಕ್ಯಾನರ್‌ನಲ್ಲಿ 2 ಮತ್ತು 3ನೇ ಸಿಲಿಂಡರ್ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಅಂತ ಇದೆ.

ಉದ್ಯಮಬಾಗ್_ಲೇತ್
ಯಪ್ಪಾ, ಇಷ್ಟೆಲ್ಲ ಒಳಗಿಟ್ಟುಕೊಂಡು ಜಪಾನ್ ಇಂಜಿನ್ ಕೇಳುತ್ತಿದ್ರಾ!

ಬೂಸ್ಟ್ ಸರಿ ಇದೆ, ಅಂದರೆ ಪೈಪ್ ಸೋರುತ್ತಿಲ್ಲ. ನಾಕ್ ಆಗಿದ್ದರೆ ಬಿಸಿಲಲ್ಲಿ ಹೆಚ್ಚಾಗಬೇಕಿತ್ತು. ಇಲ್ಲಿ ಉಲ್ಟಾ. ತಂಪು ಗಾಳಿ ದಟ್ಟ, ಸಿಲಿಂಡರ್ ಒತ್ತಡ ಏರುತ್ತದೆ, ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಪ್ಲಗ್ ಸವೆದು ಗ್ಯಾಪ್ ಅಗಲವಾಗಿದ್ದರೆ ಕಿಡಿ ಹಾರುವುದೇ ಇಲ್ಲ. ಹೊಸ ಪ್ಲಗ್ ಹಾಕಿ, ಗ್ಯಾಪ್ 0.6 ಮಿ.ಮೀ. ಇಡಿ. ಆಮೇಲೂ ಬಂದರೆ 2ನೇ ಸಿಲಿಂಡರ್‌ನ ಕಾಯಿಲ್ (ಪ್ಲಗ್‌ಗೆ ವೋಲ್ಟೇಜ್ ಕೊಡುವುದು) ತೆಗೆದು 1ಕ್ಕೆ ಹಾಕಿ, ಮಿಸ್‌ಫೈರೂ ಅಲ್ಲಿಗೆ ಹೋಯಿತಾ ನೋಡಿ. ಅಲ್ಲಿಯವರೆಗೆ ಜೋರಾಗಿ ಒತ್ತಬೇಡಿ. ಸುಡದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತದೆ.

ಘಟಪ್ರಭಾ_ಬೂಸ್ಟ್
ಏನೇ ಅನ್ನಿ, ಒಮ್ಮೆ ಟ್ಯಾಂಕ್ ಖಾಲಿ ಮಾಡಿ ನೋಡಲಿ. ನನ್ನ ವರ್ನಾ 1.5 ಟರ್ಬೊಗೆ 100 ಹಾಕಿ ಚೋರ್ಲಾ ಘಾಟ್ ಹತ್ತಿಸಿದ್ದೇನೆ, ದೊಡ್ಡ ಇಂಟರ್‌ಕೂಲರ್, ಇಂಟೇಕ್ ಎಲ್ಲ ಇದೆ. ಫೋಟೊ ಹಾಕಲಾ?

ಕ್ಯಾಂಪ್_ಸೂಪ್ರಾ
ಬೇಡ.

ಗುಮ್ಮಟ_ಟರ್ಬೊ
ಪ್ಲಗ್ ಹಾಕಿಸಿದೆ, ಜರ್ಕ್ ಪೂರ್ತಿ ಹೋಯ್ತು ಲೇತ್ ಅಣ್ಣಾ. ಆದರೆ ಈಗ ಮೂರನೇ ಗೇರ್‌ನಲ್ಲಿ ಆರ್‌ಪಿಎಂ ಏರುತ್ತದೆ, ಕಾರು ಮಾತ್ರ ಅಷ್ಟು ಓಡುತ್ತಿಲ್ಲ. ಪ್ಲಗ್ ತಪ್ಪು ತಂದೆನಾ?

ಉದ್ಯಮಬಾಗ್_ಲೇತ್
ಅದು ಕ್ಲಚ್ ಜಾರುತ್ತಿರುವುದು. 250 ಅಂತ ಮೇಲೆ ಬರೆದಿದ್ದೇನಲ್ಲ. ಟಾರ್ಕ್ ಇಳಿಸಿದ ಮ್ಯಾಪ್ ಹಾಕಿಸಿ, ಬೇರೆಯವರ ಹತ್ತಿರ.

ನವನಗರ_ಆರ್‌ಬಿ
@ಕ್ಯಾಂಪ್_ಸೂಪ್ರಾ ಮುಂದಿನ ಮಾಡೆಲ್ ಆರ್33 ಬರುವಷ್ಟರಲ್ಲಿ ಆ ಕಾಲರ್ ಅಗಲ ಮಾಡಿದ್ದರು. ಗೊತ್ತಿಲ್ಲದೆ ಸುಮ್ನೆ ಹೇಳಬೇಡಿ.