ಪಾರಿಜಾತದ ಎಣ್ಣೆಗೆ ವಾಸನೆ ಹಿಡಿಯುತ್ತಿಲ್ಲ, ಬಾಟಲಿ ತಳದಲ್ಲಿ ಕೇಸರಿ ನೀರು: ಏನು ಮಾಡಲಿ?

ಸೇಡಂ_ಹಿತ್ತಲು:
ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಲ್ಲಿ ದೊಡ್ಡ ಪಾರಿಜಾತದ ಗಿಡ ಇದೆ. ಶ್ರಾವಣ ಬಂದರೆ ದಿನಾ ಬೆಳಿಗ್ಗೆ ನೆಲ ಕಾಣದಷ್ಟು ಹೂ ಬಿದ್ದಿರುತ್ತದೆ. ಸುಮ್ನೆ ಬಾಡಿ ಹೋಗುತ್ತದಲ್ಲ ಅಂತ ಏಳು ಗಂಟೆಗೆ ಆರಿಸಿ, ಬಿಸಿ ಮಾಡಿದ ಗಾಣದ ಕುಸುಬಿ ಎಣ್ಣೆಗೆ ಹಾಕಿ ಮುಚ್ಚಿಟ್ಟೆ, ಆಮೇಲೆ ಸೋಸಿ ಬಾಟಲಿಗೆ ತುಂಬಿದೆ. ಹೂವಿನ ವಾಸನೆ ಒಂಚೂರೂ ಇಲ್ಲ! ಬೆಂದ ಸೊಪ್ಪಿನ ವಾಸನೆ, ಈಗ ಕಮಟು ಬೇರೆ. ಎಣ್ಣೆ ತೆಳು ಹಳದಿಯೇ ಇದೆ, ತಳದಲ್ಲಿ ಮಾತ್ರ ಒಂದು ಚಮಚದಷ್ಟು ಕೇಸರಿ ಬಣ್ಣದ ನೀರು ನಿಂತಿದೆ. ತಲೆಗೆ ಹಚ್ಚಲು ಬೇಕಿತ್ತು, ಜೊತೆಗೆ ಅತ್ತೆಯ ಮೊಣಕಾಲು ನೋವಿಗೂ ಆಗುತ್ತದೆ ಅಂದಿದ್ದರು. ಎಲ್ಲಿ ತಪ್ಪಿದೆ?

ಬೀದರ್_ಬೇರುನಾರು:
ಅಕ್ಕಾ, ಆ ತಳದ ನೀರನ್ನೇ ಮೊದಲು ನೋಡಿ. ಪಾರಿಜಾತದ ತೊಟ್ಟಿನಲ್ಲಿರುವ ಕೇಸರಿ ಬಣ್ಣ ಕ್ರೋಸಿನ್ ಜಾತಿಯದು, ನಾವು ಹಾಲಿಗೆ ಹಾಕುವ ಕೇಸರಿ ಎಳೆಗೆ ಬಣ್ಣ ಕೊಡುವುದೂ ಅದೇ. ಅದಕ್ಕೆ ಸಕ್ಕರೆಯ ಅಂಶ ಅಂಟಿಕೊಂಡಿರುತ್ತದೆ, ಹಾಗಾಗಿ ನೀರಲ್ಲಿ ಚೆನ್ನಾಗಿ ಕರಗುತ್ತದೆ, ಎಣ್ಣೆಗೆ ಇಳಿಯುವುದಿಲ್ಲ. ನಿಮ್ಮ ಹೂವಿನಲ್ಲಿ ಇಬ್ಬನಿ ಇತ್ತು, ಹೂವಿನದೇ ನೀರೂ ಇತ್ತು, ಬಣ್ಣ ಅದರ ಜೊತೆ ಹೋಯಿತು. ಬಣ್ಣ ಬೇಕಾದರೆ ತೊಟ್ಟು ಬಿಡಿಸಿ, ನೆರಳಲ್ಲಿ ಒಣಗಿಸಿ, ನೀರಲ್ಲಿ ಕುದಿಸಿ. ಹಿಂದೆ ರೇಷ್ಮೆಗೆ ಹಾಗೇ ಬಣ್ಣ ಕಟ್ಟುತ್ತಿದ್ದರು. ಬಿಸಿಲಿಗೆ ಬೇಗ ಮಾಸುತ್ತದೆ, ಅಷ್ಟೇ.

ವಾಸನೆಯ ಕಥೆ ಬೇರೆ. ಅದು ಬಿಳಿ ದಳದ್ದು, ರಾತ್ರಿಯದು. ಹೂ ಸಂಜೆ ಅರಳಿ ರಾತ್ರಿಯಿಡೀ ಗಾಳಿಗೆ ಪರಿಮಳ ಬಿಡುತ್ತದೆ, ಬೆಳಗಿನ ಜಾವ ಉದುರುತ್ತದೆ. ಏಳು ಗಂಟೆಗೆ ನೀವು ಆರಿಸುವ ಹೊತ್ತಿಗೆ ಬಹುಪಾಲು ಹೋಗಿಬಿಟ್ಟಿರುತ್ತದೆ. ಉಳಿದದ್ದನ್ನು ಬಿಸಿ ಕಳೆಯುತ್ತದೆ, ಯಾಕೆಂದರೆ ಪರಿಮಳದ ಕಣಗಳು ತುಂಬಾ ಹಗುರ, ಆವಿಯ ಜೊತೆ ಹಾರುತ್ತವೆ. ಕೆಲವು ಬಿಸಿ ನೀರಿಗೆ ಸಿಕ್ಕರೆ ಒಡೆದೇ ಹೋಗುತ್ತವೆ. ಇದೇ ಕುಟುಂಬದ ಮಲ್ಲಿಗೆಯನ್ನು ನೋಡಿ, ಅದರ ಪರಿಮಳದ ಮುಖ್ಯ ಭಾಗ ಬೆಂಜೈಲ್ ಅಸಿಟೇಟ್. ನೀರಲ್ಲಿ ಬಹಳ ಹೊತ್ತು ಕುದಿಸಿದರೆ ಅದರಲ್ಲಿ ಸ್ವಲ್ಪ ಬೆಂಜೈಲ್ ಆಲ್ಕೋಹಾಲ್ ಮತ್ತು ಅಸಿಟಿಕ್ ಆಮ್ಲವಾಗಿ ಒಡೆಯುತ್ತದೆ. ಅಸಿಟಿಕ್ ಆಮ್ಲ ಅಂದರೆ ವಿನೆಗರ್‌ನ ಹುಳಿ.

ಇನ್ನು ಕಮಟು. ಅದು ಹೂವಿನದಲ್ಲ, ಎಣ್ಣೆಯದು. ಕುಸುಬಿ ರೊಟ್ಟಿ ಪಲ್ಯಕ್ಕೆ ಬಹಳ ಒಳ್ಳೆಯದು, ಆದರೆ ನಮ್ಮ ಕಡೆಯ ಹಳೆ ತಳಿಯ ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲವೇ ಸುಮಾರು ಶೇ. 70ಕ್ಕಿಂತ ಜಾಸ್ತಿ, ಅದು ಗಾಳಿ ತಾಗಿದರೆ ಬೇಗ ಕೆಡುತ್ತದೆ, ಬಿಸಿ ಮಾಡಿ ತೇವ ಸೇರಿಸಿದರಂತೂ ಇನ್ನೂ ಬೇಗ. ಎಳ್ಳೆಣ್ಣೆ ಹಾಗಲ್ಲ. ಕೆಡದಂತೆ ತಡೆಯುವ ಸೆಸಮಿನ್, ಸೆಸಮಾಲ್‌ನಂಥ ಅಂಶಗಳು ಅದರಲ್ಲೇ ಇವೆ.

ಸೇಡಂ_ಹಿತ್ತಲು:
ಓಹ್, ಬಣ್ಣ ಬಂದರೆ ವಾಸನೆಯೂ ಬಂತು ಅಂದುಕೊಂಡಿದ್ದೆ. ಹಾಗಾದರೆ ಬಟ್ಟಿ ಇಳಿಸಬಹುದಾ? ಮನೆಯಲ್ಲಿ ಹಳೆ ತಾಮ್ರದ ಹಂಡೆ ಇದೆ.

ದರ್ಗಾ_ರಸ್ತೆ_ಅತ್ತರ್:
ಅಕ್ಕಾ, ಬೇಡ. ನಾನು ಕಲಬುರಗಿಯಲ್ಲಿ ಅತ್ತರ್ ಮಾರುವವನು, ಉರುಸಿನ ದಿನಗಳಲ್ಲಿ ಇದೇ ಪ್ರಶ್ನೆ ಬಹಳ ಜನ ಕೇಳುತ್ತಾರೆ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಡೇಗ್ ಅನ್ನುವ ತಾಮ್ರದ ಹಂಡೆಯಲ್ಲಿ ಹೂ ಬೇಯಿಸಿ, ಆವಿಯನ್ನು ಬಿದಿರಿನ ಕೊಳವೆಯಲ್ಲಿ ತಂದು, ಭಪ್ಕಾ ಅನ್ನುವ ಇನ್ನೊಂದು ಪಾತ್ರೆಯಲ್ಲಿರುವ ಗಂಧದೆಣ್ಣೆಗೆ ಇಳಿಸುತ್ತಾರೆ. ಗುಲಾಬಿ, ಕೇದಗೆ ಆ ಬಿಸಿಯನ್ನು ತಡೆಯುತ್ತವೆ. ಗುಲಾಬಿಯ ಫಿನೈಲ್ ಇಥೈಲ್ ಆಲ್ಕೋಹಾಲ್ ನೀರಲ್ಲೂ ಕರಗುತ್ತದೆ, ಅದಕ್ಕೇ ಗುಲಾಬ್ ಜಲ್‌ಗೆ ಅಷ್ಟು ಪರಿಮಳ. ಪಾರಿಜಾತದಂಥ ನಾಜೂಕಾದ ಹೂವಿಗೆ ಹಳೆಯ ದಾರಿ ಎಳ್ಳು. ಸಿಪ್ಪೆ ತೆಗೆದ ಬಿಳಿ ಎಳ್ಳು ಒಂದು ಪದರ, ಹೂ ಒಂದು ಪದರ, ಮೇಲೆ ಬಟ್ಟೆ. ಬಾಡಿದ ಹೂ ಜರಡಿ ಹಿಡಿದು ತೆಗೆದು ಹೊಸ ಹೂ ಹಾಕುತ್ತಾ ಹೋಗಬೇಕು, ಎಳ್ಳು ಜಗಿದರೆ ಹೂವಿನ ರುಚಿ ಬರುವವರೆಗೆ. ಆಮೇಲೆ ಗಾಣಕ್ಕೆ. ಜೌನ್‌ಪುರ, ಗಾಜಿಪುರದ ಕಡೆ ಚಮೇಲಿ ಎಣ್ಣೆ ಹೀಗೇ ಮಾಡುತ್ತಿದ್ದರು.

ಬೀದರ್_ಬೇರುನಾರು:
ಅಣ್ಣ ಹೇಳಿದ್ದು ಸರಿ. ಆದರೆ ಒಂದು ಕಿಲೋ ಎಳ್ಳಿಗೆ ಯಾವ ಗಾಣದವರೂ ಗಾಣ ಹೂಡುವುದಿಲ್ಲ. ಕಾರ್ತಿಕದವರೆಗೆ ತಡೆಯಿರಿ, ಹೂ ಆಗಲೂ ಇರುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ, ನಮ್ಮ ಬೀದರ್ ಚಳಿಗೆ ರಾತ್ರಿ ತಾನಾಗಿ ಗಟ್ಟಿಯಾಗುತ್ತದೆ. ವಾಸನೆ ಇಲ್ಲದ ರಿಫೈನ್ಡ್ ಕೊಬ್ಬರಿ ಎಣ್ಣೆಯನ್ನು ಸ್ಟೀಲ್ ತಟ್ಟೆಗೆ ತೆಳ್ಳಗೆ ಸುರಿದು ಗಟ್ಟಿಯಾಗಲು ಬಿಡಿ. ಸಂಜೆ ಗಿಡದ ಕೆಳಗೆ ಹಳೆ ಸೀರೆ ಕಟ್ಟಿ, ಹತ್ತು ಗಂಟೆ ಹೊತ್ತಿಗೆ ಟೊಂಗೆ ಮೆಲ್ಲಗೆ ಅಲುಗಿಸಿ. ಬಿದ್ದ ಹೂವನ್ನು ಒಣ ಟವೆಲ್ ಮೇಲೆ ಹರಡಿ ತೇವ ಹೋಗಲಿ. ಕೇಸರಿ ತೊಟ್ಟು ಮೇಲೆ, ಬಿಳಿ ದಳ ಕೆಳಗೆ ಬರುವಂತೆ ಎಣ್ಣೆಯ ಮೇಲೆ ಇಡಿ, ಒತ್ತಬೇಡಿ, ಇನ್ನೊಂದು ತಟ್ಟೆ ಮುಚ್ಚಿ. ಬೆಳಿಗ್ಗೆ ಪ್ರತಿ ಹೂ ತೆಗೆಯಿರಿ, ಒಂದು ದಳ ಅಂಟಿಕೊಂಡು ಉಳಿದರೂ ಅಲ್ಲಿ ಬೂಸ್ಟು ಬರುತ್ತದೆ. ರಾತ್ರಿ ಮತ್ತೆ ಹೊಸ ಹೂ.

ಸೇಡಂ_ಹಿತ್ತಲು:
ಈಗ ಅರ್ಥ ಆಯಿತು. ಅತ್ತೆಯ ಮೊಣಕಾಲಿಗೆ ಇದು ಆಗುತ್ತದಾ? ಇನ್ನೊಂದು, ಚಿಂಚೋಳಿ ಕಾಡಿಂದ ಹೂ ತರಿಸಬಹುದಾ?

ಬೀದರ್_ಬೇರುನಾರು:
ಚಿಂಚೋಳಿಯದು ಈಗ ವನ್ಯಜೀವಿಧಾಮ ಅಕ್ಕಾ, ಅಲ್ಲಿಂದ ಏನೂ ತರುವ ಹಾಗಿಲ್ಲ. ನಿಮ್ಮ ಗಿಡದ ಹೂವೇ ಸಾಕು.

ಮೊಣಕಾಲಿಗೆ ಹೂವಿನ ಪರಿಮಳದಿಂದ ಏನೂ ಆಗುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕಿದರೆ ಹಿತ ಅನಿಸಬಹುದು, ಅದು ತಿಕ್ಕಿದ್ದರ ಗುಣ. ಔಷಧಿ ಅಂತ ಹೆಸರಿರುವುದು ಎಲೆಗೆ. ಬೆರಳಾಡಿಸಿ ನೋಡಿ, ಉಪ್ಪುಕಾಗದದ ಹಾಗೆ ಒರಟು. ಹಿಂದೆ ಮರಕ್ಕೆ ನಯ ಕೊಡಲೂ ಬಳಸುತ್ತಿದ್ದರು. ಆಯುರ್ವೇದದಲ್ಲಿ ಗೃಧ್ರಸಿಗೆ, ಅಂದರೆ ಸೊಂಟದಿಂದ ಕಾಲಿಗಿಳಿಯುವ ಸಯಾಟಿಕಾ ನೋವಿಗೆ, ಮತ್ತೆ ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಎಲೆಯ ಕಷಾಯ ಕೊಡುತ್ತಾರೆ. ಬಾಯಿಗಿಡಲಾರದಷ್ಟು ಕಹಿ. ಅರ್ಬೋಟ್ರಿಸ್ಟೋಸೈಡ್ ಎಂಬ, ಇರಿಡಾಯ್ಡ್ ಜಾತಿಯ ರಾಸಾಯನಿಕಗಳನ್ನು ಈ ಗಿಡದಿಂದಲೇ ಬೇರ್ಪಡಿಸಿದ್ದಾರೆ, ಎಲೆಯ ಸಾರ ಬಾವು ಕಡಿಮೆ ಮಾಡಿದ್ದನ್ನು ಇಲಿಗಳಲ್ಲಿ ನೋಡಿದ್ದಾರೆ. ಇಲಿಯಲ್ಲಿ ಕಂಡದ್ದನ್ನು ನಂಬಿ ಅತ್ತೆಯ ಮಾತ್ರೆ ನಿಲ್ಲಿಸಬೇಡಿ. ವಯಸ್ಸಾದವರು, ಬಿಪಿ, ಶುಗರ್ ಮಾತ್ರೆಯೂ ಇರಬಹುದು, ಡಾಕ್ಟರನ್ನು ಕೇಳದೆ ಕಷಾಯ ಕೊಡಬೇಡಿ. ಬಸುರಿಯರಂತೂ ಕುಡಿಯಬಾರದು.

ಕಮಟಾದ ಬಾಟಲಿ ಚೆಲ್ಲಿಬಿಡಿ, ಅದನ್ನು ಸರಿಮಾಡಲು ಬರುವುದಿಲ್ಲ. ಅದೇ ಬಾಟಲಿಗೆ ಹೊಸ ಎಣ್ಣೆ ತುಂಬುವುದಾದರೆ ಸೋಪು ನೀರಲ್ಲಿ ತೊಳೆದು ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ. ಅತ್ತೆಗೆ ನೋವು ಸೊಂಟದಿಂದ ಶುರುವಾಗುತ್ತದಾ, ಮೊಣಕಾಲಲ್ಲಷ್ಟೇ ಇದೆಯಾ? ಅದನ್ನೂ ಡಾಕ್ಟರ ಹತ್ತಿರ ಬಿಡಿಸಿ ಹೇಳಿ.